ಗಣಕಯಂತ್ರದಲ್ಲಿರುವ ವಿಂಡೋಸ್ ಆವೃತ್ತಿಯನ್ನು ತಿಳಿಯುವ ಕ್ರಮ

ಪಹಣಿಯನ್ನು ನೋಡುವುದಕ್ಕೂ, ಬ್ಯಾಂಕಿನ ಲೆಕ್ಕವನ್ನು ಪರೀಕ್ಷಿಸುವುದಕ್ಕೂ, ಪೇಟೆಯ ಧಾರಣೆಯನ್ನು ತಿಳಿಯುವುದಕ್ಕೂ ಗ್ರಾಮದ ಮುಖಂಡರೂ ಜಮೀನುದಾರರೂ ಈಗ ಗಣಕಯಂತ್ರವನ್ನು ಉಪಯೋಗಿಸುತ್ತಿರುವರು. ಬಿತ್ತುವುದಕ್ಕೆ ಮೊದಲು ಬೀಜದ ತಳಿಯನ್ನು ವಿಚಾರಿಸುವವರು ಯಂತ್ರವನ್ನು ನಡೆಯಿಸುವ ವಿಂಡೋಸ್ ಯಾವ ಆವೃತ್ತಿಯದೆಂಬುದನ್ನೂ ಅರಿತಿರುವುದು ಅವಶ್ಯಕ.

ಕಾರಣವೇನೆಂದರೆ, ಕಳ್ಳರು ನುಸುಳಬಹುದಾದ ದೋಷಗಳು ಕಂಡುಬಂದಂತೆಲ್ಲಾ ಮೈಕ್ರೋಸಾಫ್ಟ್ ಸಂಸ್ಥೆಯವರು ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಆದರೆ ಇದಕ್ಕೆ ಅವಧಿಯುಂಟು. ಸಾಮಾನ್ಯ ಬಳಕೆದಾರರಿಗೆ ಈ ಸಹಾಯವು ವಿಂಡೋಸ್ 7ಕ್ಕೆ 2020ನೆಯ ಜನವರಿ 14ರಲ್ಲಿಯೂ, 8.1ಕ್ಕೆ 2023ನೆಯ ಜನವರಿ 10ರಲ್ಲಿಯೂ, 10ಕ್ಕೆ 2025ನೆಯ ಅಕ್ಟೋಬರ್ 14ರಲ್ಲಿಯೂ ಮುಗಿಯಿತು. ಅವಧಿ ಮೀರಿದ ಯಂತ್ರದಲ್ಲಿ ಹಣದ ವ್ಯವಹಾರ ನಡೆಸುವುದು ಬೇಲಿಯಿಲ್ಲದ ಹೊಲದಲ್ಲಿ ಪೈರನ್ನು ಬಿಟ್ಟಂತೆಯೇ ಸರಿ.

ಪರೀಕ್ಷಿಸುವ ಕ್ರಮ ಹೀಗಿದೆ:

1. ಕೀಲಿಮಣೆಯ ಎಡಗಡೆ ಕೆಳಸಾಲಿನಲ್ಲಿ ವಿಂಡೋಸ್ ಗುರುತುಳ್ಳ ಕೀಲಿಯನ್ನು ಒತ್ತಿಹಿಡಿದು, ಆರ್ ಅಕ್ಷರವನ್ನು ಒತ್ತತಕ್ಕದ್ದು.

2. ತೆರೆಯುವ ಚಿಕ್ಕ ಚೌಕದಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಎಡೆಬಿಡದೆ ಬರೆದು ಎಂಟರ್ ಒತ್ತಬೇಕು.

3. ಆಗ ಕಾಣುವ ಫಲಕದಲ್ಲಿ ವರ್ಷನ್ ಹಾಗೂ ಬಿಲ್ಡ್ ಎಂಬ ಪದಗಳ ಮುಂದಿರುವ ಅಂಕಿಗಳನ್ನು ಗುರುತುಹಾಕಿಕೊಳ್ಳತಕ್ಕದ್ದು.

ಇಲ್ಲಿ ಒಂದು ವಿಷಯದಲ್ಲಿ ಎಚ್ಚರಿಕೆಯಿರಬೇಕು. 22ಎಚ್2 ಎಂಬ ಹೆಸರು ವಿಂಡೋಸ್ 10ಕ್ಕೂ 11ಕ್ಕೂ ಉಂಟು. ಆದುದರಿಂದ ಬಿಲ್ಡ್ ಸಂಖ್ಯೆಯನ್ನೇ ನಂಬಬೇಕು: ಅದು 19045 ಆದರೆ ವಿಂಡೋಸ್ 10, 22000 ಅಥವಾ ಅದಕ್ಕೆ ಮೇಲ್ಪಟ್ಟರೆ ವಿಂಡೋಸ್ 11. ಪರದೆಯ ರೂಪವನ್ನು ನೋಡಿ ನಿರ್ಧರಿಸಲಾಗದು. ಅದನ್ನು ಬೇಕಾದಂತೆ ಬದಲಾಯಿಸಬಹುದು. ವಿಂಡೋಸ್ 11ರಲ್ಲಿಯೂ ಹೋಮ್ ಮತ್ತು ಪ್ರೋ ವರ್ಗದ ಪ್ರತಿಯೊಂದು ವಾರ್ಷಿಕ ಆವೃತ್ತಿಗೆ 24 ತಿಂಗಳು ಮಾತ್ರ ತಿದ್ದುಪಡಿ ದೊರೆಯುವುದರಿಂದ, ಕಾಲಕಾಲಕ್ಕೆ ಹೊಸತನ್ನು ಹಾಕಿಸಿಕೊಳ್ಳಬೇಕು.

ಯಂತ್ರವು ಹಳೆಯದಾಗಿದ್ದರೆ 11ಕ್ಕೆ ತಕ್ಕುದೇ ಎಂದು ವಿಚಾರಿಸಬೇಕು. ಅದಕ್ಕೆ 64 ಬಿಟ್ ಪ್ರೊಸೆಸರ್, 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹಸ್ಥಳ, ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನ ಇವು ಕನಿಷ್ಠ ಅಗತ್ಯ. ಎಲ್ಲಾ ಹಳೆಯ ಪ್ರೊಸೆಸರುಗಳೂ ಸಲ್ಲವು. ಬದಲಾಯಿಸುವುದಕ್ಕೆ ಮುಂಚೆ ಕಾಗದಪತ್ರಗಳ ಪ್ರತಿಯನ್ನು ಬೇರೆ ಕಡೆ ತೆಗೆದಿಡತಕ್ಕದ್ದು.

ಪಟ್ಟಣದಲ್ಲಿ ಬಳಸಿದ ಯಂತ್ರವನ್ನು ಕೊಳ್ಳುವವರು ಹಣ ಎಣಿಸುವ ಮೊದಲೇ ಈ ಪರೀಕ್ಷೆಯನ್ನು ತಾವೇ ಮಾಡಿ ನೋಡುವುದು ಕ್ಷೇಮಕರ.