ಎಳೆಗಳ ನಡುವಿನ ಗಾಳಿ

ಹುಲ್ಲು ಬೆರೆಸಿದ ಮಣ್ಣನ್ನು ಚೆನ್ನಾಗಿ ತುಳಿಯದೆ ಗೋಡೆ ಏರಿಸಿದರೆ ಅದು ಬಿರಿಯುತ್ತದೆ. ಕಡೂರು ಸೀಮೆಯ ಎಮ್ಮೆದೊಡ್ಡಿಯಂಥ ಊರುಗಳಲ್ಲಿ ಮಣ್ಣಿನ ಮನೆ ಕಟ್ಟಿದವರಿಗೆ ಇದು ಹೊಸ ಮಾತಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ವಿಮಾನದ ಫಲಕಗಳನ್ನು ರೂಪಿಸುವವರ ಚಿಂತೆಯೂ ಇದೇ ಬಗೆಯದು. ಅಲ್ಲಿ ಹುಲ್ಲಿನ ಬದಲು ಇಂಗಾಲದ ಎಳೆ, ಮಣ್ಣಿನ ಬದಲು ರಾಳ. ಎಳೆ ಭಾರ ಹೊರುತ್ತದೆ. ರಾಳ ಅದನ್ನು ಎಳೆಯಿಂದ ಎಳೆಗೆ ಹಂಚುತ್ತದೆ.

ನಡುವೆ ಗಾಳಿ ಉಳಿದರೆ ಈ ಹಂಚಿಕೆ ಕೆಡುತ್ತದೆ. ಫಲಕದ ಗಾತ್ರದಲ್ಲಿ ನೂರಕ್ಕೆ 1 ಪಾಲು ಗುಳ್ಳೆಯಿದ್ದರೂ, ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ ನೂರಕ್ಕೆ ಸುಮಾರು 7ರಷ್ಟು ಕುಗ್ಗಬಹುದು. ಹೊರಗಿನಿಂದ ನೋಡುವವರಿಗೆ ಏನೂ ಕಾಣದು.

ಆದಕಾರಣ ಪದರಗಳನ್ನು ಚೀಲದೊಳಗೆ ಮುಚ್ಚಿ ಗಾಳಿಯನ್ನು ಹೀರಿ ತೆಗೆಯುತ್ತಾರೆ; ಬಳಿಕ ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸುತ್ತಾರೆ. ಒತ್ತಡ ತಡವಾದರೆ ರಾಳ ಗಟ್ಟಿಯಾಗಿ ಗುಳ್ಳೆ ಅಲ್ಲೇ ಸೆರೆಯಾಗುತ್ತದೆ. ತೀರ ಬೇಗ ಒತ್ತಿದರೆ ರಾಳವೇ ಹರಿದುಹೋಗಿ ಎಳೆ ಬರಿದಾಗುತ್ತದೆ. ಹದವೆಂದರೆ ಈ ಹೊತ್ತನ್ನು ಅರಿಯುವುದು. ಕೊನೆಗೆ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಒಳಗೆ ಅಡಗಿದ ದೋಷಗಳನ್ನು ಹುಡುಕುತ್ತಾರೆ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿ, ಮುಂದೆ ತೇಜಸ್ ಎಂಬ ಹೆಸರು ಪಡೆದ ವಿಮಾನದ ಮೈಯಲ್ಲಿ ಬಹುಪಾಲು ಇಂಥ ಫಲಕಗಳೇ. ಬಿರಿದ ಗೋಡೆಗೆ ಮರುದಿನ ಮಣ್ಣು ಮೆತ್ತಬಹುದು. ಹಾರುತ್ತಿರುವ ರೆಕ್ಕೆಗೆ ಆ ಅವಕಾಶವಿಲ್ಲ. ಪರೀಕ್ಷೆ ದೋಷವನ್ನು ತೋರಿಸೀತು, ಗುಣವನ್ನು ತುಂಬಲಾರದು. ಗುಣ ಒಲೆಯ ಹದದಲ್ಲೇ ಹುಟ್ಟಬೇಕು.