ಪವನ ವಿದ್ಯುತ್ ಘಟಕ: ಸ್ಥಳೀಯರಿಗೆ ದೊರೆಯುವ ಲಾಭವೇನು?

ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ನಮಗೆ ಹೊಸ ನೋಟವಲ್ಲ. ಇಂತಹ ಘಟಕದ ಪ್ರಯೋಜನ ಸ್ಥಳೀಯ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಯಾವ ಹಂತದಲ್ಲಿ ದೊರೆಯುತ್ತದೆ ಎಂಬುದನ್ನು ಮೊದಲೇ ಅರಿತಿರುವುದು ಅಗತ್ಯ.

ಮೊದಲನೆಯದು ಗಾಳಿಯ ಮಾಪನ. ಎತ್ತರದ ಕಂಬಕ್ಕೆ ಉಪಕರಣ ಅಳವಡಿಸಿ, ಎಲ್ಲ ಋತುಗಳೂ ಸೇರುವಂತೆ ಕನಿಷ್ಠ ಒಂದು ವರ್ಷ ವೇಗವನ್ನು ದಾಖಲಿಸುವುದು ರೂಢಿ. ವೇಗ ಇಮ್ಮಡಿಯಾದರೆ ಗಾಳಿಯಲ್ಲಿನ ಶಕ್ತಿ ಎಂಟು ಪಟ್ಟಾಗುವುದರಿಂದ ಸ್ಥಳದ ಆಯ್ಕೆಯೇ ನಿರ್ಣಾಯಕ. ಬಳಿಕ ಜಮೀನು, ಅನುಮತಿ, ಗ್ರಿಡ್ ಸಂಪರ್ಕಗಳ ಕಾರ್ಯ.

ನಿರ್ಮಾಣ ಕಾಲದಲ್ಲಿ ರಸ್ತೆ ಮತ್ತು ತಳಪಾಯಕ್ಕೆ ಜಲ್ಲಿ, ಸಿಮೆಂಟ್, ಕಬ್ಬಿಣ, ವಾಹನ, ಕಾರ್ಮಿಕರು ಬೇಕಾಗುತ್ತಾರೆ. ಸ್ಥಳೀಯ ವ್ಯಾಪಾರ ಹೆಚ್ಚುವುದು ಆಗಲೇ. ಅನಂತರ ಉಳಿಯುವ ನಿರ್ವಹಣೆ, ಕಾವಲು ಕೆಲಸಗಳು ಕೆಲವೇ. ಆದುದರಿಂದ ವರ್ತಕರು ಗುತ್ತಿಗೆದಾರರನ್ನು ಮುಂಚಿತವಾಗಿಯೇ ಸಂಪರ್ಕಿಸಬೇಕು. ಜಮೀನನ್ನು ಗುತ್ತಿಗೆಗೆ ನೀಡಿದ ರೈತನಿಗೆ ಬಾಡಿಗೆ ಬರುತ್ತದೆ. ಯಂತ್ರಗಳ ನಡುವಿನ ನೆಲದಲ್ಲಿ ಬೇಸಾಯವೂ ಸಾಧ್ಯ. ಅವಧಿ, ಬಾಡಿಗೆ ಏರಿಕೆ, ಕೊನೆಯಲ್ಲಿ ಯಂತ್ರ ತೆರವುಗೊಳಿಸುವ ಹೊಣೆ ಕರಾರಿನಲ್ಲಿ ಸ್ಪಷ್ಟವಾಗಿರಬೇಕು.

ಉದ್ದಿಮೆದಾರರಿಗೆ ದೀರ್ಘಕಾಲದ ಲಾಭ ವಿದ್ಯುತ್ತಿನಲ್ಲಿದೆ. 2005ರ ವಿದ್ಯುತ್ ನಿಯಮಗಳ ಪ್ರಕಾರ ಬಳಕೆದಾರರು ಒಟ್ಟಾಗಿ ಘಟಕದ ಮಾಲೀಕತ್ವದಲ್ಲಿ ಕನಿಷ್ಠ ಶೇ. 26 ಪಾಲು ಹೊಂದಿ, ವಾರ್ಷಿಕ ಉತ್ಪಾದನೆಯ ಕನಿಷ್ಠ ಶೇ. 51ನ್ನು ತಾವೇ ಬಳಸಿದರೆ ಅದು ಸ್ವಬಳಕೆಯ ಘಟಕವೆನಿಸಿ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್‌ನಿಂದ ವಿನಾಯಿತಿ ದೊರೆಯುತ್ತದೆ. ಆದರೆ ನಮ್ಮಲ್ಲಿ ಉತ್ಪಾದನೆ ಮುಂಗಾರಿನ ತಿಂಗಳುಗಳಲ್ಲಿ ಹೆಚ್ಚು, ಉಳಿದಂತೆ ಕಡಿಮೆ. ವಿದ್ಯುತ್ ಸಾಗಣೆಯ ವೀಲಿಂಗ್ ಶುಲ್ಕ, ಹೆಚ್ಚುವರಿ ವಿದ್ಯುತ್ತನ್ನು ಜಮೆ ಇಡುವ ಬ್ಯಾಂಕಿಂಗ್ ಶುಲ್ಕಗಳನ್ನು ಲೆಕ್ಕ ಹಾಕಿಯೇ ಬಂಡವಾಳ ಹೂಡುವುದು ಲೇಸು.