ಲಕ್ಷದ ಡ್ಯಾಕ್ ಕೊಳ್ಳೋ ಮುಂಚೆ ಒಂದು ಜಮಖಾನ ಹಾಸಿ ನೋಡಿ

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆದಮೇಲೆ ನಮ್ಮ ವಯಸ್ಸಿನ ಹಲವರಿಗೆ ಒಂದು ಆಸೆ ಹುಟ್ಟುತ್ತೆ. ಊರಿನ ಮನೆಯಲ್ಲಿ ಒಳ್ಳೆ ಮ್ಯೂಸಿಕ್ ಸಿಸ್ಟಮ್ ಇಡಬೇಕು, ಅಪ್ಪ-ಅವ್ವ ಕೂತು ಕೇಳಬೇಕು ಅಂತ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಾದ ನಮಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕಾಗವಾಡದಿಂದ ಗಡಿ ದಾಟಿದರೆ ಮೀರಜ್. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನೆಲೆಸಿದ್ದ ಊರು. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠ ಬುವಾ ಅವರ ಹತ್ತಿರ ಕಲಿತ ಊರು. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಆಂಪ್ಲಿಫೈಯರ್, ಸ್ಪೀಕರ್ ಬಂದಮೇಲೆ ಶುರುವಾಗೋದು ಡ್ಯಾಕ್ ಹುಚ್ಚು. ಡ್ಯಾಕ್ ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಸಿಡಿ ಗುಣಮಟ್ಟದ ಹಾಡಿನಲ್ಲಿ ಪ್ರತಿ ಸೆಕೆಂಡಿಗೆ, ಪ್ರತಿ ಚಾನೆಲ್‌ಗೆ 44,100 ಅಂಕಿಗಳಿರುತ್ತವೆ. ಒಂದೊಂದೂ 16 ಬಿಟ್. ಆ ಅಂಕಿಗಳನ್ನು ವೋಲ್ಟೇಜ್ ಮಾಡಿ ಆಂಪ್ಲಿಫೈಯರ್‌ಗೆ ಕೊಡೋದೇ ಇದರ ಕೆಲಸ. ಫೋನಿಗೆ ಸಿಕ್ಕಿಸೋ ಸಾವಿರ ರೂಪಾಯಿ ಆಸುಪಾಸಿನ ಡಾಂಗಲ್ ಕೂಡ ಡ್ಯಾಕೇ, ಹತ್ತಾರು ಲಕ್ಷದ ಡಿಸಿಎಸ್ ಪೆಟ್ಟಿಗೆಯೂ ಡ್ಯಾಕೇ. ಹಾಗಾದರೆ ನಡುವಿನ ದುಡ್ಡು ಎಲ್ಲಿಗೆ ಹೋಗುತ್ತೆ?

ದುಬಾರಿ ಡ್ಯಾಕ್‌ಗಳಲ್ಲಿ ಸ್ಥೂಲವಾಗಿ ಮೂರು ಪಂಥ. ಮೊದಲನೆಯದು ರೆಡಿ ಚಿಪ್ ಬಳಸೋದು. ಅಮೆರಿಕದ ಇಎಸ್ಎಸ್, ಜಪಾನಿನ ಎಕೆಎಂ ಚಿಪ್‌ಗಳು ಇಲ್ಲಿ ಹೆಸರುವಾಸಿ. ಎರಡನೆಯದು ರೆಸಿಸ್ಟರ್‌ಗಳನ್ನು ಏಣಿಯ ಹಾಗೆ ಜೋಡಿಸೋ ಆರ್-ಟು-ಆರ್. ಡೆನಾಫ್ರಿಪ್ಸ್, ಹೋಲೋ ಆಡಿಯೋ ಈ ಕಡೆಯವು. ಮೂರನೆಯದು ಚಿಪ್ ಕೊಳ್ಳದೆ ಎಫ್‌ಪಿಜಿಎ ಮೇಲೆ ತಮ್ಮದೇ ಲೆಕ್ಕ ಬರೆಯೋದು. ಇಂಗ್ಲೆಂಡಿನ ಕಾರ್ಡ್ ಕಂಪನಿಯದು ಈ ದಾರಿ. ಎಂಜಿನಿಯರ್ ಕಣ್ಣಿಗೆ ಮೂರೂ ಚೆಂದ. ಆದರೆ ಕೇಳೋದು ಕಿವಿ.

ಈಗ ಅಂಕಿ ನೋಡೋಣ. 16 ಬಿಟ್ ಸಿಡಿಯಲ್ಲಿ ಅತಿ ಜೋರು ಮತ್ತು ಅತಿ ಮೆಲು ದನಿಯ ನಡುವೆ ಸುಮಾರು 96 ಡೆಸಿಬೆಲ್ ಅಂತರ. ಇವತ್ತು ಹತ್ತು-ಹದಿನೈದು ಸಾವಿರದ ಒಳ್ಳೆ ಡ್ಯಾಕ್‌ಗಳೂ 110 ದಾಟುತ್ತವೆ. ಇನ್ನು ನಮ್ಮ ಮನೆ ನೋಡಿ. ಫ್ಯಾನ್ ತಿರುಗುತ್ತಿದ್ದರೆ ಖಾಲಿ ಕೋಣೆಯಲ್ಲೇ 35–40 ಡೆಸಿಬೆಲ್ ಸದ್ದು ಇರುತ್ತೆ. ಹಾಡಿನ ಅತಿ ಜೋರು ಭಾಗ 90ಕ್ಕೆ ಮುಟ್ಟಿದರೂ ನಮಗೆ ಉಳಿಯೋ ಅಂತರ ಐವತ್ತು ಚಿಲ್ಲರೆ. ಡ್ಯಾಕ್‌ನ ಸ್ವಂತ ಗದ್ದಲ ಫ್ಯಾನಿನ ಸದ್ದಿನ ಕೆಳಗೆ ಎಲ್ಲೋ ಹೂತುಹೋಗಿರುತ್ತೆ. ಕರೀಂ ಖಾನರ 78 ಆರ್‌ಪಿಎಂ ತಟ್ಟೆಗಳಲ್ಲಂತೂ ಸೂಜಿಯ ಚರಚರ ಮೂಲದಲ್ಲೇ ಇದೆ. ಅಲ್ಲಿ ಇಲ್ಲದ ಸ್ವರವನ್ನು ಯಾವ ಡ್ಯಾಕೂ ತಂದುಕೊಡಲ್ಲ.

"ಅಂಕಿ ಬಿಡು ದೋಸ್ತ್, ಕಿವಿಗೆ ಭಾಳ ಫರಕ್ ಗೊತ್ತಾಗತೈತಿ" ಅಂದ ನಿಪ್ಪಾಣಿಯ ಗೆಳೆಯ, ತನ್ನ ಲಕ್ಷ ದಾಟಿದ ಏಣಿ ಡ್ಯಾಕ್ ಹಿಡ್ಕೊಂಡು ಚಿಕ್ಕೋಡಿಗೇ ಬಂದ. ನನ್ನದು ಹನ್ನೆರಡು ಸಾವಿರದ್ದು. ಕೂತು ಕೇಳೋ ಮುಂಚೆ ಎರಡರ ಔಟ್‌ಪುಟ್ಟನ್ನೂ ಮಲ್ಟಿಮೀಟರ್‌ನಲ್ಲಿ ಅಳೆದೆವು. 50 ಹರ್ಟ್ಜ್ ಟೋನ್ ಹಾಕಿದರೆ ಅಗ್ಗದ ಮೀಟರ್ ಸಾಕು, ಅದು ಮನೆ ಕರೆಂಟಿನ ಫ್ರೀಕ್ವೆನ್ಸಿಯೇ. ನನ್ನದು 2 ವೋಲ್ಟ್, ಅವನದು 2.3. ಅಂದರೆ ಸುಮಾರು 1.2 ಡೆಸಿಬೆಲ್ ಹೆಚ್ಚು. ಅಷ್ಟು ಸಣ್ಣ ಏರಿಕೆ ಕಿವಿಗೆ "ಜೋರಾಯ್ತು" ಅನಿಸಲ್ಲ, "ಚಲೋ ಆಯ್ತು" ಅನಿಸುತ್ತೆ. ಅಂಗಡಿಯ ಡೆಮೋಗಳಲ್ಲಿ ಎಷ್ಟೋ ದುಡ್ಡು ಇಲ್ಲೇ ಜಾರಿ ಹೋಗೋದು. ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಸಾಮಾನ್ಯವಾಗಿ 4 ವೋಲ್ಟ್, ಆರ್‌ಸಿಎಯಲ್ಲಿ 2. ಅಳೆಯದೆ ಹೋಲಿಸಿದರೆ ಎಕ್ಸ್‌ಎಲ್‌ಆರ್ ಗೆಲ್ಲೋದು ಖಚಿತ.

ಲೆವೆಲ್ ಸಮ ಮಾಡಿ, ಕಾಕಾನ ಮಗನನ್ನು ಇನ್‌ಪುಟ್ ಬದಲಿಸೋಕೆ ಕೂಡಿಸಿದೆವು. ಯಾವುದು ಓಡ್ತಿದೆ ಅಂತ ಅವನು ಬಾಯಿ ಬಿಡಬಾರದು. ಗೆಳೆಯ 10ಕ್ಕೆ 6 ಸರಿ ಹೇಳಿದ. ನಾಣ್ಯ ಚಿಮ್ಮಿ ಉತ್ತರ ಕೊಟ್ಟರೂ 6 ಅಥವಾ ಹೆಚ್ಚು ಬರೋ ಸಾಧ್ಯತೆ ಸುಮಾರು ಶೇ. 38. 9 ಅಥವಾ ಹೆಚ್ಚು ಬರೋದು ಶೇ. 1ರ ಆಸುಪಾಸು. ಅಂದರೆ 9 ಬಂದರೆ ನಂಬಬಹುದು, 6 ಬಂದರೆ ಕಷ್ಟ.

ಆಮೇಲೆ ಸ್ಪೀಕರನ್ನು ಗೋಡೆಯಿಂದ ಎರಡು ಅಡಿ ಮುಂದೆ ತಂದೆವು. ಬರಿ ಟೈಲ್ಸ್ ಮೇಲೆ ಜಮಖಾನ ಹಾಸಿ, ಎದುರು ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟೆವು. ಅಷ್ಟೊತ್ತು ಪಡಸಾಲೆಯಲ್ಲಿ ಪೇಪರ್ ಓದ್ತಿದ್ದ ಅಪ್ಪ ಒಳಗೆ ಬಂದು, "ಏನ್ ಮಾಡಿದ್ರೋ ತಮ್ಮಾ? ಈಗ ತಂಬೂರಿ ಬ್ಯಾರೆ, ದನಿ ಬ್ಯಾರೆ ಕೇಳಾಕತ್ತೈತಿ" ಅಂದರು. ಅವರಿಗೆ ಡ್ಯಾಕ್ ಅಂದರೆ ಏನಂತಲೇ ಗೊತ್ತಿಲ್ಲ. ನಮ್ಮ ಕಡೆಯ ಹೊಸ ಮನೆಗಳಲ್ಲಿ ಸ್ಲ್ಯಾಬ್, ಟೈಲ್ಸ್, ಗಾಜು ಎಲ್ಲವೂ ದನಿಯನ್ನು ತಿರುಗಿ ಎಸೆಯುತ್ತವೆ. ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಹತ್ತಾರು ಮೇಲ್‌ಸ್ವರಗಳ ಹೆಣಿಗೆ. ಪ್ರತಿಧ್ವನಿಯಲ್ಲಿ ಮೊದಲು ಕಲಸಿಹೋಗೋದು ಅದೇ.

ಹಾಗಂತ ಡ್ಯಾಕ್‌ಗಳೆಲ್ಲ ಒಂದೇ ಅಂತ ಅಲ್ಲ. ಕೊಳ್ಳುವಾಗ ಇಷ್ಟು ನೋಡಿ:

ಒಂದು, ಹಮ್. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ತಕ್ಷಣ ಸ್ಪೀಕರ್ ಗುಂಯ್ ಅಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್. ಆಪ್ಟಿಕಲ್ ಇನ್‌ಪುಟ್ ಇರೋ ಡ್ಯಾಕ್ ಕೊಂಡರೆ ಆ ದಾರಿ ಕಡಿಯುತ್ತೆ, ಯಾಕಂದರೆ ಅದರಲ್ಲಿ ಹರಿಯೋದು ಬರೀ ಬೆಳಕು. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ಥಿಂಗ್ ಪಿನ್ ಮಾತ್ರ ಯಾವತ್ತೂ ಕತ್ತರಿಸಬೇಡಿ. ಅದು ಜೀವದ ಪ್ರಶ್ನೆ.

ಎರಡು, ಸೌಕರ್ಯ. ರಿಮೋಟ್ ಇದೆಯಾ? ಟಿವಿಗೂ ಜೋಡಿಸಬಹುದಾ? ನೀವು ಪುಣೆಗೋ ಬೆಂಗಳೂರಿಗೋ ವಾಪಸ್ ಹೋದಮೇಲೆ ಅವ್ವ ಒಬ್ಬಳೇ ಹಚ್ಚಬಲ್ಲಳಾ?

ಮೂರು, ರಿಪೇರಿ. ಹೊರದೇಶದಿಂದ ತರಿಸಿದ ಪೆಟ್ಟಿಗೆ ಕೆಟ್ಟರೆ ಎಲ್ಲಿಗೆ ಕಳಿಸೋದು ಅಂತ ಮೊದಲೇ ಕೇಳಿ. ಇಲ್ಲಿ ವಾರಂಟಿ ಇಲ್ಲದಿದ್ದರೆ ಹೋಗಿ-ಬರೋ ಖರ್ಚೂ ನಿಮ್ಮ ತಲೆಗೇ.

ಒಂದೂವರೆ ಲಕ್ಷ ಇದ್ದರೆ ನಾನಂತೂ ಅರ್ಧಕ್ಕಿಂತ ಹೆಚ್ಚು ಸ್ಪೀಕರ್‌ಗೆ ಹಾಕ್ತೀನಿ, ಆಮೇಲೆ ಆಂಪ್ಲಿಫೈಯರ್, ಆಮೇಲೆ ಕೋಣೆ. ಡ್ಯಾಕ್‌ಗೆ ಹತ್ತು-ಹದಿನೈದು ಸಾವಿರ ಸಾಕು. ಚೆಂದದ ಪೆಟ್ಟಿಗೆ ಮೇಜಿನ ಮೇಲೆ ಇರಲಿ ಅನ್ನೋ ಖುಷಿಗೆ ಲಕ್ಷ ಕೊಟ್ಟರೆ ಅದೂ ತಪ್ಪಲ್ಲ, ದುಡ್ಡು ನಿಮ್ಮದು. ಆದರೆ ಖುಷಿಗೆ ಕೊಡ್ತಿದ್ದೀನಾ, ದನಿಗೆ ಕೊಡ್ತಿದ್ದೀನಾ ಅನ್ನೋದು ಕೊಡೋ ಮುಂಚೆ ಗೊತ್ತಿರಲಿ.

ಇನ್ನೊಂದು ಕೆಲಸ ಮಾಡಿ. ಮುಂದಿನ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಮೀರಜ್‌ಗೆ ಹೋಗಿ, ತಂಬೂರಿ ಮಾಡುವವರ ಅಂಗಡಿಯಲ್ಲಿ ಶ್ರುತಿ ಮಾಡಿದ ತಂಬೂರಿ ಮುಂದೆ ಹತ್ತು ನಿಮಿಷ ಕೂತು ಕೇಳಿ. ಯಾವ ಸಿಸ್ಟಮ್ ಅಸಲಿಗೆ ಹತ್ತಿರ ಅಂತ ಹೇಳೋಕೆ ಅಸಲಿ ದನಿ ಮೊದಲು ಕಿವಿಯಲ್ಲಿರಬೇಕು.